ಶುಶ್ರೂಷೆ ಮಾಡುವವರಿಗೆ ಆಸರೆ ಯಾರು?

ನಮ್ಮವರು ಮುಂಬಯಿಗೆ ಬಂದು ನೆಲೆಯೂರಿದ ಕತೆಯಲ್ಲಿ ಹೆಮ್ಮೆಪಡತಕ್ಕ ಸಂಗತಿಯೊಂದಿದೆ. ಊರಿನಿಂದ ಟ್ರಂಕು ಹಿಡಿದು ಬಂದ ಹುಡುಗನಿಗೆ ಒಬ್ಬರು ಊಟವಿಕ್ಕಿದರು, ಇನ್ನೊಬ್ಬರು ಹೋಟೆಲಿನಲ್ಲಿ ಕೆಲಸ ಕೊಡಿಸಿದರು, ಮತ್ತೊಬ್ಬರು ರಾತ್ರಿಶಾಲೆಗೆ ಸೇರಿಸಿದರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯೂ 1926ರಲ್ಲಿ ಮೈಸೂರು ಅಸೋಸಿಯೇಶನ್ನೂ ಹುಟ್ಟಿದುದು ಇಂತಹ ಒಗ್ಗಟ್ಟಿನಿಂದಲೇ. ಬರುವ ತರುಣನಿಗೆ ದಾರಿ ತೋರಿಸುವುದನ್ನು ನಾವು ಚೆನ್ನಾಗಿ ಬಲ್ಲೆವು. ಆದರೆ ಅದೇ ತರುಣನು ಮುದುಕನಾಗಿ ಹಾಸಿಗೆ ಹಿಡಿದಾಗ, ಅವನ ಸೇವೆ ಮಾಡುವ ಮನೆಯವರಿಗೆ ಹೆಗಲು ಕೊಡುವುದನ್ನು ಬಲ್ಲೆವೆ?

ಈ ಪ್ರಶ್ನೆಯನ್ನು ಪರರಿಗೆ ಹಾಕುವ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುವುದು ಲೇಸು. ಸಂಪಾದಕನಾಗುವ ಮುನ್ನ ನಾನು ಹೋಟೆಲಿನ ಗಲ್ಲೆಯಲ್ಲಿ ಕುಳಿತವನು. ಆ ದಿನಗಳಲ್ಲಿ ನನ್ನ ತಾಯಿಗೆ ಪಾರ್ಶ್ವವಾಯು ಬಡಿದು ಬಲಭಾಗವೆಲ್ಲ ಸ್ವಾಧೀನ ತಪ್ಪಿತು. ಒಂದು ಕೋಣೆ, ಒಂದು ಅಡಿಗೆಮನೆ. ಇಷ್ಟೇ ನಮ್ಮ ಬಿಡಾರ. ಬೆಳಗಿನ ಐದು ಗಂಟೆಗೆ ಹೊರಟರೆ ನಾನು ಮರಳುವುದು ರಾತ್ರಿ ಹನ್ನೊಂದಕ್ಕೆ. ಬಾಗಿಲಲ್ಲಿಯೇ, “ಅಮ್ಮ ಹೇಗಿದ್ದಾರೆ?” ಎಂದು ಕೇಳುತ್ತಿದ್ದೆ. “ಹಾಗೆಯೇ ಇದ್ದಾರೆ” ಎಂದು ಹೆಂಡತಿ ಹೇಳುತ್ತಿದ್ದಳು. ಔಷಧಿಗೆ ಹಣ ಕೊಟ್ಟೆ, ವೈದ್ಯರನ್ನು ಕರೆಸಿದೆ. ಮಗನ ಕರ್ತವ್ಯ ತೀರಿತೆಂದು ಭಾವಿಸಿದ್ದೆ. “ನೀನು ಹೇಗಿದ್ದೀ?” ಎಂದು ಅವಳನ್ನು ಒಮ್ಮೆಯೂ ಕೇಳಲಿಲ್ಲ.

ಹಾಸಿಗೆ ಹಿಡಿದವರ ಮೈಯಲ್ಲಿ ಹುಣ್ಣಾಗದಿರಬೇಕಾದರೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕೆಂದು ವೈದ್ಯರು ಹೇಳಿದ್ದರು. ಹಗಲಿನಂತೆ ರಾತ್ರಿಯೂ ಹೀಗೆಯೇ ಮಾಡಬೇಕು. ಎಂಟು ತಿಂಗಳ ಕಾಲ ಅವಳು ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ನಿದ್ರಿಸಿರಲಿಲ್ಲ. ಅದು ನನಗೆ ತಿಳಿದುದು, ಅವಳು ನೀರಿನ ಕೊಡದೊಡನೆ ಕುಸಿದು ಬಿದ್ದ ದಿನ. ಸದ್ದು ಕೇಳಿ ಮೊದಲು ಓಡಿ ಬಂದವರು ಪಕ್ಕದ ಮನೆಯ ಮರಾಠಿ ಮಾವಶಿ. “ಮೊದಲೇ ಏಕೆ ಹೇಳಲಿಲ್ಲ ಮಗಳೇ?” ಎಂದು ಅವರು ಗದರಿದಾಗ ಹೆಂಡತಿ ಹೇಳಿದ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ: “ಅತ್ತೆಯನ್ನು ನೋಡಿಕೊಳ್ಳಲಾರಳು ಎಂದು ಜನ ಆಡಿಕೊಂಡಾರು ಎಂದು ಹೆದರಿದೆ.”

ಮರುದಿನದಿಂದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾವಶಿ ನನ್ನ ತಾಯಿಯ ಬಳಿ ಕುಳಿತರು. ಹೆಂಡತಿ ಅವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿದಳು. ರಾತ್ರಿಯ ಒಂದು ಪಾಳಿಯನ್ನು ನಾನು ವಹಿಸಿಕೊಂಡೆ. ಮಾವಶಿಗೂ ನನ್ನ ತಾಯಿಗೂ ಭಾಷೆ ಬೇರೆ; ಆದರೆ ಸೇವೆಗೆ ಅದು ಅಡ್ಡಿಯಾಗಲಿಲ್ಲ.

ಒಬ್ಬ ಮಾವಶಿ ಮಾಡಿದುದನ್ನು ಒಂದು ಊರೇ ಕೂಡಿ ಮಾಡಬಹುದೆಂಬುದಕ್ಕೆ ನಮ್ಮ ನೆರೆಯ ಕೇರಳವೇ ಸಾಕ್ಷಿ. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವೈದ್ಯರು ನೋವನ್ನು ತಗ್ಗಿಸುವ ಉಪಶಮನ ಚಿಕಿತ್ಸೆಯನ್ನು ಆರಂಭಿಸಿದರು. ಆದರೆ ಆಸ್ಪತ್ರೆಯವರೆಗೆ ಬರಲಾರದವರ ಗತಿಯೇನು? 1999ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರೇ ಈ ಕೆಲಸಕ್ಕೆ ಟೊಂಕ ಕಟ್ಟಿದರು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಸಾಮಾನ್ಯರು ತರಬೇತಿ ಪಡೆದು, ನರ್ಸಮ್ಮನ ಜತೆಯಲ್ಲಿ ಮನೆಮನೆಗೆ ಹೋಗಿ ರೋಗಿಯನ್ನೂ ಮನೆಯವರನ್ನೂ ವಿಚಾರಿಸಿದರು. 2008ರಲ್ಲಿ ಕೇರಳ ಸರಕಾರವು ಉಪಶಮನ ಸೇವೆಯನ್ನು ತನ್ನ ನೀತಿಯಾಗಿಯೇ ಅಂಗೀಕರಿಸಿತು.

ಸರಕಾರದ ಸೌಕರ್ಯಗಳನ್ನೂ ನಮ್ಮವರು ತಿಳಿದಿರಬೇಕು. 2007ರ ಕಾಯಿದೆಯಂತೆ, ಮಕ್ಕಳು ಕೈಬಿಟ್ಟ ತಂದೆತಾಯಿಗಳು ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆಯನ್ನು ವಿಸ್ತರಿಸಿ, 70 ವರುಷ ದಾಟಿದವರೆಲ್ಲರಿಗೂ ಆದಾಯದ ಮಿತಿಯಿಲ್ಲದೆ ವರುಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆಯ ಚಿಕಿತ್ಸೆಗೆ ಅವಕಾಶ ಮಾಡಲಾಯಿತು. ಇ.ಎಸ್.ಐ. ಕಾರ್ಡುಳ್ಳ ನೌಕರನ ಅವಲಂಬಿತ ತಂದೆತಾಯಿಗಳಿಗೂ ಆ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ಹೋಟೆಲ್ ಕಾರ್ಮಿಕರಲ್ಲಿ ಅನೇಕರಿಗೆ ಈ ವಿಷಯವೇ ತಿಳಿಯದು. 14567 ಎಂಬ ಉಚಿತ ದೂರವಾಣಿಯಲ್ಲಿ ವೃದ್ಧರಿಗೂ ಅವರ ಮನೆಯವರಿಗೂ ಸಲಹೆ ಸಿಗುತ್ತದೆ. ಮರೆವಿನ ರೋಗದವರನ್ನು ನೋಡಿಕೊಳ್ಳುವವರು, 1992ರಲ್ಲಿ ಸ್ಥಾಪಿತವಾದ ಅಲ್ಜೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯಿಂದ ತಿಳುವಳಿಕೆ ಪಡೆಯಬಹುದು.

ಇವೆಲ್ಲ ಬೇಕಾದವುಗಳೇ. ಆದರೆ ಕಾಯಿದೆಯು ಜೀವನಾಂಶ ಕೊಡಿಸೀತು, ಯೋಜನೆಯು ಆಸ್ಪತ್ರೆಯ ಬಿಲ್ಲು ತೀರಿಸೀತು. ನಡುರಾತ್ರಿ ರೋಗಿಯ ಮಗ್ಗುಲು ತಿರುಗಿಸಲು ಅವು ಬರಲಾರವು. ಅದಕ್ಕೆ ನೆರೆಯ ಮನುಷ್ಯನೇ ಬೇಕು.

ಆದುದರಿಂದ ನಮ್ಮ ಸಂಘಗಳಿಗೊಂದು ವಿನಂತಿ. ವಾರ್ಷಿಕೋತ್ಸವದ ವಂತಿಗೆಯ ಪುಸ್ತಕದೊಡನೆ ಇನ್ನೊಂದು ಪುಸ್ತಕವನ್ನೂ ಇಡಿರಿ. ಒಂದು ಪುಟದಲ್ಲಿ, ಒಪ್ಪಿಗೆ ಪಡೆದು, ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳು. ಎದುರು ಪುಟದಲ್ಲಿ ವಾರಕ್ಕೆ ಎರಡು ಗಂಟೆ ಕೊಡಬಲ್ಲವರ ಹೆಸರುಗಳು. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಿರಾಕಿ ಕಳೆದು ಸಂಜೆಯ ಚಹದ ಗಿರಾಕಿ ಬರುವವರೆಗೆ ಬಿಡುವಿರುತ್ತದೆ, ಗುಮಾಸ್ತರಿಗೆ ಭಾನುವಾರವಿದೆ. ಔಷಧಿ ತಂದುಕೊಡುವುದು, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, ರೋಗಿಯ ಬಳಿ ಕುಳಿತು ಊರಿನ ಸುದ್ದಿ ಹೇಳುವುದು, ಇವಕ್ಕೆ ವೈದ್ಯವಿದ್ಯೆ ಬೇಕಿಲ್ಲ. ಎತ್ತಿ ಮಲಗಿಸುವ, ಉಣಿಸುವ ಕೆಲಸವನ್ನು ಮಾತ್ರ ಬಲ್ಲವರಿಂದ ಕಲಿತೇ ಮಾಡತಕ್ಕದ್ದು.

ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು ಬಂದವರಿಗೂ ಒಂದು ಮಾತು. ತಿಂಗಳಿಗೊಮ್ಮೆ ಹಣ ಕಳುಹಿಸಿದರೆ ನಿಮ್ಮ ಪಾಲು ಸಂದಂತಾಗಲಿಲ್ಲ. ಅಲ್ಲಿ ಅತ್ತಿಗೆಯೋ ತಂಗಿಯೋ ಹಗಲಿರುಳು ದುಡಿಯುತ್ತಿರುವಳು. ರಜೆಯಲ್ಲಿ ಊರಿಗೆ ಹೋದಾಗ ಹದಿನೈದು ದಿನವಾದರೂ ಆ ಸೇವೆಯನ್ನು ನೀವೇ ವಹಿಸಿಕೊಂಡು, ಅವಳನ್ನು ತವರಿಗೋ ಬಂಧುಗಳ ಮನೆಗೋ ಕಳುಹಿಸಿರಿ. ಹೋಟೆಲು ಮಾಲಿಕರಾದ ನನ್ನ ಸಹೋದ್ಯೋಗಿಗಳು ಅಂತಹ ರಜೆಗೆ ಅಡ್ಡಿ ಮಾಡದಿರಲಿ.

ನನ್ನ ತಾಯಿ ಈಗಿಲ್ಲ. ಕೊನೆಯವರೆಗೂ ಅವರ ಬೆನ್ನಿನ ಮೇಲೆ ಒಂದು ಹುಣ್ಣೂ ಆಗಲಿಲ್ಲ. ಆ ಕೀರ್ತಿ ಇಬ್ಬರು ಹೆಂಗಸರದು, ನನ್ನದಲ್ಲ. ಇಂತಹ ಪುಸ್ತಕವನ್ನು ಆರಂಭಿಸುವ ಸಂಘಗಳು ನಮಗೆ ಬರೆದು ತಿಳಿಸಲಿ; ಆ ಪ್ರಕಟಣೆಗೆ ನಮ್ಮ ಪತ್ರಿಕೆಯಲ್ಲಿ ಶುಲ್ಕವಿಲ್ಲ.