ಉಳಿದ ಉಪ್ಪುನೀರಿನಿಂದ ಸಿಮೆಂಟು

ದುಬೈ, ಅಬುಧಾಬಿ ಹೆಸರು ಕೇಳಿದ್ದೀರಲ್ಲ ಅಕ್ಕಂದಿರೇ? ನಮ್ಮ ಕಡೆಯವರೂ ಅಲ್ಲಿಗೆ ದುಡಿಯೋಕೆ ಹೋಗಿದ್ದಾರೆ. ಅಲ್ಲಿ ನದಿ ಇಲ್ಲ. ಮಳೆ ಅಪರೂಪ. ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಾರೆ.

ಒಂದು ಕೊಡ ಸಿಹಿನೀರು ತೆಗೆದರೆ ಒಂದು ಕೊಡಕ್ಕಿಂತ ಹೆಚ್ಚು ಕಡು ಉಪ್ಪುನೀರು ಉಳಿಯುತ್ತದೆ. ಅದನ್ನು ಮತ್ತೆ ಸಮುದ್ರಕ್ಕೇ ಬಿಡುತ್ತಾರೆ. ಬಿಟ್ಟ ಕಡೆ ಮೀನಿಗೂ ಚಿಪ್ಪಿನ ಜೀವಿಗಳಿಗೂ ಕಷ್ಟ.

ಈಗ ಸಿಮೆಂಟಿನ ಮಾತು. ತಲೆ ಮೇಲೆ ಹೊತ್ತವರಿಗೆ ಅದರ ಭಾರ ಗೊತ್ತು. ಸಿಮೆಂಟು ಮಾಡೋಕೆ ಸುಣ್ಣದ ಕಲ್ಲನ್ನು 1,450 ಡಿಗ್ರಿ ಬಿಸಿಯಲ್ಲಿ ಸುಡಬೇಕು. ಆಗ ಉರಿಯಿಂದಲೂ ಕಲ್ಲಿನಿಂದಲೂ ಇಂಗಾಲಾಮ್ಲ ಎಂಬ ಗಾಳಿ ಹೊರಬರುತ್ತದೆ. ಭೂಮಿ ಬಿಸಿಯಾಗಲು ಈ ಗಾಳಿ ದೊಡ್ಡ ಕಾರಣ. ಜಗತ್ತಿನ ಜನ ಬಿಡುವ ಈ ಗಾಳಿಯಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನದೇ!

ಉಳಿದ ಉಪ್ಪುನೀರಿನಲ್ಲಿ ಅಡುಗೆ ಉಪ್ಪಿನ ಜೊತೆ ಮೆಗ್ನೀಸಿಯಂ ಎಂಬುದೂ ಇದೆ. ಅದನ್ನು ಬೇರೆ ಮಾಡಿ ಸುಟ್ಟರೆ ಬಿಳಿ ಪುಡಿ ಸಿಗುತ್ತದೆ. ಇದಕ್ಕೆ ಅಷ್ಟೊಂದು ಬಿಸಿ ಬೇಡ. ಪುಡಿಯನ್ನು ಕಲಸಿ ಅಚ್ಚು ಹಾಕಿ, ಇಂಗಾಲಾಮ್ಲ ತುಂಬಿದ ಕೋಣೆಯಲ್ಲಿ ಇಡುತ್ತಾರೆ. ಅದು ಗಾಳಿಯನ್ನು ಹೀರಿ ಕಲ್ಲಾಗುತ್ತದೆ. ನಾವು ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗೋದೂ ಹೀಗೇ.

ವಾಯಿಲ್ ಅಲ್ ಅವರ್, ಕೆನಿಚಿ ತೆರಾಮೊಟೊ ಎಂಬ ಇಬ್ಬರು ಕಟ್ಟಡ ತಜ್ಞರು ಇದನ್ನು ಮುಂದಿಟ್ಟರು. 2021ರಲ್ಲಿ ಇಟಲಿಯ ವೆನಿಸ್ ಪ್ರದರ್ಶನದಲ್ಲಿ ಅವರು ರೂಪಿಸಿದ ಸಂಯುಕ್ತ ಅರಬ್ ಸಂಸ್ಥಾನದ ಮಂಟಪಕ್ಕೆ ಚಿನ್ನದ ಸಿಂಹ ಪ್ರಶಸ್ತಿ ಬಂತು.

ಒಂದು ತೊಡಕಿದೆ. ಇದರೊಳಗೆ ಕಬ್ಬಿಣದ ಸರಳು ಇಟ್ಟರೆ ಬೇಗ ತುಕ್ಕು ಹಿಡಿಯುವ ಭಯ. ಆದ್ದರಿಂದ ತಾರಸಿಗಿಂತ ಗೋಡೆಯ ಇಟ್ಟಿಗೆಗೇ ಇದು ಹೊಂದುತ್ತದೆ.