ಪಿಕಪ್ ಹೋದ ಹಳೆ ಕಾರು: ಎಂಜಿನ್ ಬಿಚ್ಚಿಸುವ ಮೊದಲು

ಮೇ ತಿಂಗಳ ರಜೆಯಲ್ಲಿ ಕಾರಿನಲ್ಲೇ ಊರಿಗೆ ಹೊರಡುವ ಮುಂಬಯಿ ಕನ್ನಡಿಗರು ಕಡಿಮೆಯೇನಲ್ಲ. ಹೊಸ ಗಾಡಿ ಇದ್ದವರಿಗೆ ಚಿಂತೆಯಿಲ್ಲ. ಹದಿನೈದು ವರ್ಷ ದಾಟಿ, ಆರ್‌ಟಿಒದಲ್ಲಿ ಪಾಸಿಂಗ್ ಮಾಡಿಸಿ, ಮತ್ತೆ ಐದು ವರ್ಷದ ನೋಂದಣಿ ಪಡೆದ ಪೆಟ್ರೋಲ್ ಕಾರು ಇಟ್ಟುಕೊಂಡ ನನ್ನಂಥವರಿಗೆ ಮಾತ್ರ ಘಾಟಿ ಹತ್ತಿರ ಬಂದಂತೆ ಎದೆ ಡವಡವ ಎನ್ನುತ್ತದೆ. ಈ ಬರಹ ಅಂಥವರಿಗಾಗಿ.

ನನ್ನದು 2008ರ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ. 2024ರ ಅಕ್ಟೋಬರ್‌ನಲ್ಲಿ ಪುಣೆಯಲ್ಲಿ ಸಂಬಂಧಿಕರ ಮದುವೆಗೆಂದು ಡೊಂಬಿವಲಿಯಿಂದ ಹೊರಟೆವು. ಹಿಂದಿನ ಸೀಟಿನಲ್ಲಿ ಎಂಬತ್ತು ದಾಟಿದ ಅಮ್ಮ. ಪನ್ವೆಲ್ ದಾಟುವಾಗಲೇ ಗಾಡಿ ಯಾಕೋ ಭಾರ ಅನ್ನಿಸಿತು. ಖಂಡಾಲಾ ಘಾಟಿನ ಏರು ಹತ್ತಿದ ಮೇಲೆ ಎರಡನೇ ಗೇರಿನಲ್ಲಿ ಎಕ್ಸಿಲೇಟರ್ ಪೂರ್ತಿ ಒತ್ತಿದರೂ ಮುಳ್ಳು ಇಪ್ಪತ್ತರ ಮೇಲೆ ಏಳಲಿಲ್ಲ. ಬೆನ್ನಿಗೆ ಬಂದ ಲಾರಿಯವನು ಹಾರ್ನಿನಿಂದ ಕೈ ತೆಗೆಯಲಿಲ್ಲ. "ಮಗಾ, ನಾವು ಇಳಿದು ನಡೆಯುವುದಾ?" ಎಂದು ಅಮ್ಮ ಕೇಳಿದರು. ಆಗ ನಗು ಬರಲಿಲ್ಲ.

ಹಿಂದಿರುಗಿದ ಮೇಲೆ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮಿಸ್ತ್ರಿ ಬಾನೆಟ್ ಎತ್ತಿ, ನಿಂತ ಗಾಡಿಯನ್ನೇ ಎರಡು ಸಲ ರೇಸ್ ಮಾಡಿ, "ಎಂಜಿನ್ ಖತಂ" ಎಂದು ತೀರ್ಪು ಕೊಟ್ಟ. ಬೋರ್, ಪಿಸ್ಟನ್, ರಿಂಗ್ ಎಲ್ಲ ಸೇರಿ 32,000 ರೂಪಾಯಿ. ಗಾಡಿ ಮಾರಿದರೂ ಅಷ್ಟು ಹುಟ್ಟುವುದು ಕಷ್ಟ. ಭಂಗಾರಿಗೆ ಕೊಟ್ಟುಬಿಡೋಣ ಎಂದಳು ಹೆಂಡತಿ. ಆದರೆ ಅಮ್ಮನಿಗೆ ಲೋಕಲ್ ರೈಲು ಹತ್ತಲಾಗದು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕಾದರೆ ಈ ಕಾರೇ ಗತಿ.

ನಾನು ಮೆಕ್ಯಾನಿಕ್ ಅಲ್ಲ, ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ಬ್ಯಾಂಕ್ ಗುಮಾಸ್ತ. ಆದರೆ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಪುಸ್ತಕವನ್ನೇ ಹೊಸದಾಗಿ ಬರೆಯುವುದಿಲ್ಲ. ವ್ಯತ್ಯಾಸದ ಮೊತ್ತ ಒಂಬತ್ತರಿಂದ ಭಾಗವಾದರೆ ಯಾರೋ 54ನ್ನು 45 ಎಂದು ಬರೆದಿರಬಹುದು. ಎರಡರಿಂದ ಭಾಗವಾದರೆ ಜಮೆ ಖರ್ಚಿನ ಕಡೆಗೆ ಬಿದ್ದಿರಬಹುದು. ತಪ್ಪಿನ ಗುಣವೇ ಅದರ ಜಾಗ ಹೇಳುತ್ತದೆ. ಕಾರಿನದೂ ಹಾಗೆಯೇ ಇರಬೇಕೆಂದು, ಬ್ಯಾಂಕಿಗೆ ಬರುವ ಹಳೆಯ ಗ್ರಾಹಕರೊಬ್ಬರನ್ನು, ಗಾಡಿ ಕೆಲಸದಲ್ಲೇ ತಲೆ ನರೆತವರನ್ನು, ಕೇಳಿದೆ. ಅವರ ಮೊದಲ ಪ್ರಶ್ನೆ: "ಎಂಜಿನ್ ಕೂಗುತ್ತದೆಯೋ, ಕೂಗುವುದಿಲ್ಲವೋ?"

ನಾಲ್ಕನೇ ಗೇರಿನಲ್ಲಿ ಹೋಗುವಾಗ ಎಕ್ಸಿಲೇಟರ್ ಒತ್ತಿದರೆ ಸದ್ದು ಜೋರಾಗಿ ಏರಿ, ವೇಗ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ಸುಟ್ಟ ವಾಸನೆಯೂ ಬರಬಹುದು. ಅದಕ್ಕೆ ಎಂಜಿನ್ ಬಿಚ್ಚಬೇಕಾಗಿಲ್ಲ. ಸದ್ದೂ ಏರದೆ ಗಾಡಿ ಕೆಮ್ಮುತ್ತಾ ಮುಗ್ಗರಿಸಿದರೆ ಗಾಳಿ, ಪೆಟ್ರೋಲ್, ಕಿಡಿ ಈ ಮೂರರಲ್ಲಿ ಒಂದು ಸಾಲದು. ಏರ್ ಫಿಲ್ಟರ್ ನಾವೇ ತೆಗೆದು ನೋಡಬಹುದು. ನನ್ನದರಲ್ಲಿ ಇಲಿ ಕಾಗದ ಕತ್ತರಿಸಿ ಹಾಸಿಗೆ ಮಾಡಿತ್ತು! ಪ್ಲಗ್ ಬಿಚ್ಚಿದಾಗ ತುದಿ ಕಂದು ಬಣ್ಣದ್ದಾದರೆ ಸರಿ, ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚಾಗಿದೆ, ಎಣ್ಣೆಯಿಂದ ತೊಯ್ದಿದ್ದರೆ ಆಯಿಲ್ ಮೇಲೆ ಬರುತ್ತಿದೆ. ಒಂದು ಪ್ಲಗ್ ಕಿಡಿ ಕೊಡದಿದ್ದರೂ ಮೂರು ಸಿಲಿಂಡರಿನ ಗಾಡಿಯ ಬಲದಲ್ಲಿ ಮೂರನೇ ಒಂದು ಪಾಲು ಹೋದಂತೆಯೇ. ಮೊದಲು ಚೆನ್ನಾಗಿ ಓಡಿ, ವೇಗ ಹೆಚ್ಚಿದಾಗ ಮಾತ್ರ ಉಸಿರು ಕಟ್ಟಿದರೆ ಪೆಟ್ರೋಲ್ ಫಿಲ್ಟರ್ ಅಥವಾ ಟ್ಯಾಂಕಿನ ಪಂಪು ನೋಡಬೇಕು. ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೂ ಹೀಗೆಯೇ ಆಗುತ್ತದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಹಳೆ ಗಾಡಿಯ ರಬ್ಬರ್ ಪೈಪುಗಳ ಮೇಲೂ ಕಣ್ಣಿಡುವುದು ಒಳ್ಳೆಯದು. ಆದರೆ ಎಲ್ಲ ದೋಷವನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲ.

ಇದಕ್ಕಿಂತ ಸುಲಭದ ಕಾರಣವೂ ಇರುತ್ತದೆ. ನಮ್ಮ ಕಟ್ಟಡದವರೊಬ್ಬರ ಕಾರಿನಲ್ಲಿ ಹೊಸ ದಪ್ಪ ಮ್ಯಾಟ್ ಎಕ್ಸಿಲೇಟರಿನ ಕೆಳಗೆ ಸೇರಿ ಪೆಡಲನ್ನು ಪೂರ್ತಿ ಇಳಿಯಲು ಬಿಡುತ್ತಿರಲಿಲ್ಲ. ಅವರು ಎರಡು ತಿಂಗಳು ಗ್ಯಾರೇಜು ಸುತ್ತಿದ್ದರು.

ನನ್ನ ಗಾಡಿ ಕೂಗುತ್ತಲೂ ಇರಲಿಲ್ಲ, ಕೆಮ್ಮುತ್ತಲೂ ಇರಲಿಲ್ಲ. ಸುಮ್ಮನೆ ಭಾರ. ಇಲಿಯ ಹಾಸಿಗೆ ಎಸೆದು ಹೊಸ ಫಿಲ್ಟರ್ ಹಾಕಿದಾಗ ಸ್ವಲ್ಪ ಹಗುರಾಯಿತು, ಅಷ್ಟೆ. "ಹಾಗಾದರೆ ಯಾರೋ ಹಿಡಿದುಕೊಂಡಿದ್ದಾರೆ, ನ್ಯೂಟ್ರಲ್ ಮಾಡಿ ನೋಡಿ" ಎಂದರು ಆ ಹಿರಿಯರು. ಭಾನುವಾರ ನಸುಕಿನಲ್ಲಿ, ಜನರಿಲ್ಲದ ಸಮತಟ್ಟು ರಸ್ತೆಯಲ್ಲಿ ಮೂವತ್ತರ ವೇಗಕ್ಕೆ ಏರಿಸಿ, ಎಂಜಿನ್ ಬಂದ್ ಮಾಡದೆ ನ್ಯೂಟ್ರಲ್‌ಗೆ ಹಾಕಿದೆ. ಮೆಲ್ಲಗೆ ತೇಲುತ್ತಾ ದೂರ ಹೋಗಬೇಕಾದ ಗಾಡಿ ನಾಲ್ಕು ಲೈಟ್ ಕಂಬ ದಾಟುವುದರೊಳಗೆ ನಿಂತುಬಿಟ್ಟಿತು. ಟಯರಿನ ಗಾಳಿ ಸರಿಯಿತ್ತು. ಬ್ರೇಕನ್ನು ಹೆಚ್ಚು ಮುಟ್ಟದೆ ಐದಾರು ಕಿಲೋಮೀಟರ್ ಓಡಿಸಿ ಬಂದು ಒಂದೊಂದು ಚಕ್ರದ ಬಳಿ ಅಂಗೈ ಹಿಡಿದೆ. ಮುಟ್ಟಬಾರದು, ಸುಡುತ್ತದೆ. ಮೂರು ಚಕ್ರ ಉಗುರುಬೆಚ್ಚಗೆ. ಹಿಂದಿನ ಎಡ ಚಕ್ರ ಮಾತ್ರ ಕಾದ ಕಾವಲಿ.

ಮಳೆಗಾಲದಲ್ಲಿ ವಾರಗಟ್ಟಲೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುತ್ತಿದ್ದೆ. ಅದರ ಕೇಬಲ್ ಒಳಗೊಳಗೇ ತುಕ್ಕು ಹಿಡಿದು, ಲಿವರ್ ಇಳಿಸಿದರೂ ಆ ಕಡೆ ಪೂರ್ತಿ ಬಿಡುತ್ತಿರಲಿಲ್ಲ. ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡೇ ತಿರುಗುತ್ತಿತ್ತು. ಅಷ್ಟು ಚಿಕ್ಕ ಎಂಜಿನ್ ಮೂರು ಜನರನ್ನೂ ಹೊತ್ತು, ಬ್ರೇಕನ್ನೂ ಎಳೆದುಕೊಂಡು ಖಂಡಾಲಾ ಹತ್ತಿತ್ತು ಪಾಪ! ನಿಂತ ಗಾಡಿಯನ್ನು ರೇಸ್ ಮಾಡಿದವನಿಗೆ ಇದು ಗೊತ್ತಾಗುವುದಾದರೂ ಹೇಗೆ? ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ: ಅದೇ ಕಾದ ಬ್ರೇಕಿನ ಮೇಲೆ ನಾವು ಘಾಟಿ ಇಳಿದೂ ಬಂದಿದ್ದೆವು.

ಕೇಬಲ್, ಹಿಂದಿನ ಎರಡೂ ಕಡೆಯ ಶೂ, ಮಜೂರಿ ಸೇರಿ 2,650 ರೂಪಾಯಿ ಆಯಿತು. ಮನಸ್ಸಿನ ಸಮಾಧಾನಕ್ಕೆ ಬೇರೆ ಗ್ಯಾರೇಜಿನಲ್ಲಿ ಕಂಪ್ರೆಶನ್ ನೋಡಿಸಿದೆ. ಪ್ಲಗ್ಗಿನ ಜಾಗದಲ್ಲಿ ಗೇಜ್ ಇಟ್ಟು ನೋಡುವ ಅರ್ಧ ಗಂಟೆಯ ಕೆಲಸ ಅದು. ಮೂರೂ ಸಿಲಿಂಡರಿನ ಅಂಕಿ ಹೆಚ್ಚುಕಡಿಮೆ ಒಂದೇ ಬಂತು. ಬೋರ್ ಕೆಲಸ ಹೇಳಿದವರಿಂದ ಮೊದಲು ಈ ಅಂಕಿ ಕೇಳಿ ಪಡೆಯಿರಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದು, ಆಯಿಲ್ ಕಡಿಮೆಯಾಗುತ್ತಾ, ಅಂಕಿಯೂ ಬಿದ್ದಿದ್ದರೆ ಖರ್ಚು ತಪ್ಪಿದ್ದಲ್ಲ, ಒಪ್ಪಿಕೊಳ್ಳಬೇಕು.

ಮರುವರ್ಷದ ಮೇ ತಿಂಗಳಲ್ಲಿ ಅದೇ ಗಾಡಿಯಲ್ಲಿ ಅಮ್ಮನನ್ನು ಊರಿಗೆ ಕರೆದೊಯ್ದೆ. ಈಗ ಮಳೆ ಶುರುವಾದೊಡನೆ ಕಟ್ಟಡದ ಸಮತಟ್ಟು ಅಂಗಳದಲ್ಲಿ ಕಾರನ್ನು ಮೊದಲ ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರದ ಹಿಂದೆಮುಂದೆ ಒಂದೊಂದು ಇಟ್ಟಿಗೆ ಇಡುತ್ತೇನೆ. ವಾಚ್‌ಮನ್ ಎರಡು ಸಲ ಅವನ್ನು ಕಸವೆಂದು ಎಸೆದಿದ್ದಾನೆ. ಮೂರನೇ ಸಲ ಇಟ್ಟಿಗೆಯ ಮೇಲೆ ಗಾಡಿಯ ನಂಬರ್ ಬರೆದಿಟ್ಟೆ.