ಇಂಗ್ಲಿಷ್ ಮನೆಯಲ್ಲಿ ಕನ್ನಡದ ‘ಇಲ್ಲ’

ತಾಂಡೂರು, ಪರಿಗಿ, ವಿಕಾರಾಬಾದ್ ಕಡೆಯ ಬಸ್ಸುಗಳು ಹೈದರಾಬಾದ್ ಹೊಕ್ಕಾಗ ಮೊದಲು ತೆರವಾಗುವುದು ಮೆಹದಿಪಟ್ಟಣಂನಲ್ಲಿ. ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆಗೆ ಬಂದ ಹಿರಿಯರು, ರೈತು ಬಜಾರಿನತ್ತ ಹೊರಟವರು, ಸೇಡಂ–ಚಿಂಚೋಳಿ ಸೀಮೆಯಿಂದ ತಾಂಡೂರು ಹಾದು ಕೆಲಸ ಹುಡುಕಿ ಬಂದ ಹುಡುಗರು ಎಲ್ಲರೂ ಮೇಲ್ಸೇತುವೆಯ ನೆರಳಿನಲ್ಲಿ ಇಳಿಯುತ್ತಾರೆ. ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ತೆಲುಗು, ದಖನಿ, ಕನ್ನಡ ಮೂರೂ ಕಿವಿಗೆ ಬೀಳುತ್ತವೆ.

ಆಟೋದವನು ಫೋನಿನಲ್ಲಿ ‘ಆತೂಂ ಬೋಲ್ಕೆ ಬೋಲಾ’ ಎನ್ನುತ್ತಾನೆ. ದಿಲ್ಲಿಯ ಹಿಂದಿಯವರಿಗೆ ಈ ವಾಕ್ಯ ವಿಚಿತ್ರವಾಗಿ ಕೇಳುತ್ತದೆ, ಕಲಬುರಗಿಯವರಿಗೆ ಹಾಗೆ ಕೇಳುವುದಿಲ್ಲ. ‘ಬರ್ತೀನಿ ಅಂತ ಹೇಳಿದ’ ಎಂಬ ನಮ್ಮ ವಾಕ್ಯವೇ ಅಲ್ಲಿ ಉರ್ದು ಪದಗಳನ್ನು ಉಟ್ಟು ನಿಂತಿದೆ. ಪದಗಳ ಸರದಿ ಅದೇ, ‘ಅಂತ’ ಇರುವ ಜಾಗದಲ್ಲಿ ‘ಬೋಲ್ಕೆ’. ‘ತುಮ್ ಬೋಲೇ ಸೋ ಬಾತ್’ ಎಂದರೆ ‘ನೀವು ಹೇಳಿದ ಮಾತು’. ಅದರ ಕಟ್ಟೂ ದ್ರಾವಿಡ ನುಡಿಗಳದ್ದೇ. ನೂರಾರು ವರ್ಷ ಒಂದೇ ಬೀದಿಯಲ್ಲಿ ಬಾಳಿದ ಭಾಷೆಗಳು ಪದಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡು ವ್ಯಾಕರಣವನ್ನು ಹಂಚಿಕೊಳ್ಳುತ್ತವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಗ್ರಾಮದ ಕನ್ನಡ, ಮರಾಠಿ, ಉರ್ದುಗಳ ಬಗ್ಗೆ ಇದನ್ನೇ ಬರೆದರು. ಜಗತ್ತಿನ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಇವತ್ತಿಗೂ ಆ ಹಳ್ಳಿಯ ಹೆಸರು ಓದುತ್ತಾರೆ.

ಇಂಥ ಬೀದಿಗಳಿರುವ ನಗರದಲ್ಲೇ, ಮೆಹದಿಪಟ್ಟಣಂಗೆ ದೂರದ ತಾರ್ನಾಕದ ಮಗ್ಗುಲಲ್ಲಿ, ಭಾಷೆ ಕಲಿಸುವುದು ಹೇಗೆ ಎಂಬುದನ್ನೇ ಕಸುಬಾಗಿಸಿಕೊಂಡ ಒಂದು ಸಂಸ್ಥೆಯಿದೆ. ಹೆಸರಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳಿವೆ. ಆದರೆ ಕನ್ನಡದ ಒಂದು ಪುಟ್ಟ ಪದದ ಬಗ್ಗೆ ನಾನು ಓದಿದ ಅತ್ಯಂತ ಆಳವಾದ ಚಿಂತನೆ ಬಂದದ್ದು ಅಲ್ಲಿಂದ. ಈ ಲೇಖನ ಬರೆಯಲು ಕಾರಣವೂ ಆ ಪದವೇ.

ಉಸ್ಮಾನಿಯಾದ ನೆರೆಯಲ್ಲಿ

1958ರಲ್ಲಿ ‘ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್’ ಎಂಬ ಹೆಸರಿನಲ್ಲಿ ಸಂಸ್ಥೆ ಶುರುವಾಯಿತು. ಸ್ವಾತಂತ್ರ್ಯ ಬಂದು ದಶಕ ಕಳೆದಿತ್ತು. ಇಂಗ್ಲಿಷ್ ಇರಬೇಕೇ ಬೇಡವೇ ಎಂಬ ಚರ್ಚೆ ಜೋರಾಗಿದ್ದ ಕಾಲ. ಇರುವುದಾದರೆ ಅದನ್ನು ಚೆನ್ನಾಗಿ ಕಲಿಸುವ ಮೇಷ್ಟ್ರುಗಳು ಬೇಕಲ್ಲವೇ ಎಂಬ ಯೋಚನೆಯಿಂದ, ಮೇಷ್ಟ್ರುಗಳಿಗೆ ಕಲಿಸುವ ಶಾಲೆಯಾಗಿ ಇದು ಹುಟ್ಟಿತು. 1972ರಲ್ಲಿ ವಿದೇಶಿ ಭಾಷೆಗಳೂ ಸೇರಿ ಸಂಸ್ಥೆ ‘ಸೀಫೆಲ್’ ಆಯಿತು. ಮರುವರ್ಷ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಗಿ ‘ಇಫ್ಲು’ ಎಂಬ ಹೆಸರು ಬಂತು. ಹಳಬರ ಬಾಯಲ್ಲಿ ಈಗಲೂ ಸೀಫೆಲ್ಲೇ.

ಇದರ ನೆರೆ ಉಸ್ಮಾನಿಯಾ ವಿಶ್ವವಿದ್ಯಾಲಯ. ಉನ್ನತ ಶಿಕ್ಷಣವನ್ನು ಉರ್ದುವಿನಲ್ಲೇ ಕೊಡಬೇಕೆಂದು ನಿಜಾಮರ ಸರ್ಕಾರ 1918ರಲ್ಲಿ ಕಟ್ಟಿದ ವಿದ್ಯಾಲಯ ಅದು. ವಿಜ್ಞಾನ, ಕಾನೂನು, ವೈದ್ಯಕೀಯದ ಪಠ್ಯಗಳನ್ನು ಉರ್ದುವಿಗೆ ತರಲು ಅನುವಾದದ ಇಲಾಖೆಯನ್ನೇ ತೆರೆದಿದ್ದರು. ದೇಶಭಾಷೆಯಲ್ಲಿ ದೊಡ್ಡ ಓದು ಸಾಧ್ಯ ಎಂದು ತೋರಿಸಿದ ಕ್ಯಾಂಪಸ್ಸಿನ ಪಕ್ಕದಲ್ಲೇ ಇಂಗ್ಲಿಷಿನ ಕೇಂದ್ರ ಸಂಸ್ಥೆ ತಲೆಯೆತ್ತಿತು.

ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರ ಕುರ್ಚಿಯಲ್ಲಿ ಕೂತವರು ನಮ್ಮ ವಿ.ಕೃ. ಗೋಕಾಕರು. ಸವಣೂರಿನಲ್ಲಿ ಹುಟ್ಟಿ, ಧಾರವಾಡದಲ್ಲೂ ಆಕ್ಸ್‌ಫರ್ಡಿನಲ್ಲೂ ಓದಿದ ಕವಿ. ಭಾರತದಲ್ಲಿ ಇಂಗ್ಲಿಷಿನ ವರ್ತಮಾನ ಮತ್ತು ಭವಿಷ್ಯದ ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕ 1964ರಲ್ಲಿ ಹೊರಬಂತು. ಮುಂದೆ ಕರ್ನಾಟಕ ಸರ್ಕಾರದ ಭಾಷಾ ಸಮಿತಿಗೆ ಅವರೇ ಅಧ್ಯಕ್ಷರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂದು 1981ರಲ್ಲಿ ಅವರು ಕೊಟ್ಟ ವರದಿಯ ಜಾರಿಗಾಗಿ 1982ರಲ್ಲಿ ನಾಡೇ ಬೀದಿಗಿಳಿಯಿತು, ರಾಜ್‌ಕುಮಾರ್ ಊರೂರು ತಿರುಗಿದರು. ಗೋಕಾಕ್ ಚಳವಳಿ ಎಂದರೆ ತಿಳಿಯದ ಕನ್ನಡಿಗರಿಲ್ಲ. ಅದೇ ಗೋಕಾಕರು ಇಂಗ್ಲಿಷ್ ಬೋಧನೆಯ ಕೇಂದ್ರ ಸಂಸ್ಥೆಯನ್ನು ನಡೆಸಿದ್ದರೆಂಬುದು ಬಹಳ ಜನರಿಗೆ ತಿಳಿಯದು. ಎರಡರ ನಡುವೆ ನನಗೆ ವಿರೋಧ ಕಾಣುವುದಿಲ್ಲ. ಇನ್ನೊಂದು ಭಾಷೆಯನ್ನು ಕಲಿಸುವುದು ಹೇಗೆ ಎಂದು ವರ್ಷಗಟ್ಟಲೆ ಯೋಚಿಸಿದವರಿಗೆ, ಮಗುವಿನ ಮೊದಲ ಭಾಷೆ ಗಟ್ಟಿಯಿರಬೇಕೆಂಬುದು ಬೇರೆ ಯಾರಿಗಿಂತ ಚೆನ್ನಾಗಿ ತಿಳಿದಿರುತ್ತದೆ.

ಒಂದು ಪದ, ಒಂದು ಕುರ್ಚಿ

ಈಗ ಆ ಪದಕ್ಕೆ ಬರೋಣ. ‘ಇಲ್ಲ.’

ಕನ್ನಡದ ಕ್ರಿಯಾಪದ ಯಾರ ಬಗ್ಗೆ ಮಾತಾಡುತ್ತಿದೆ ಎಂಬುದನ್ನು ತನ್ನ ತುದಿಯಲ್ಲೇ ಹೇಳಿಬಿಡುತ್ತದೆ. ಬರುತ್ತೇನೆ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ, ಬರುತ್ತದೆ. ಶಾಲೆಯಲ್ಲಿ ಆಖ್ಯಾತ ಪ್ರತ್ಯಯ ಎಂದು ಓದಿದ್ದು ಇದನ್ನೇ. ಈಗ ಅದೇ ವಾಕ್ಯಗಳನ್ನು ನಿಷೇಧಿಸಿ ನೋಡಿ. ನಾನು ಬರುವುದಿಲ್ಲ, ಅವನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ, ಬಸ್ಸು ಬರುವುದಿಲ್ಲ. ಗಂಡು, ಹೆಣ್ಣು, ಒಬ್ಬರು, ಹಲವರು ಎಂಬ ಗುರುತೆಲ್ಲ ಒಂದೇ ಏಟಿಗೆ ಮಾಯ.

ಭೂತಕಾಲದಲ್ಲಿ ಸಂಗತಿ ಇನ್ನೂ ಸ್ವಾರಸ್ಯ. ‘ಬಂದಳು’ ಎನ್ನುವಾಗ ‘ದ’ ಕಳೆದ ಕಾಲವನ್ನು ಹೇಳುತ್ತದೆ, ‘ಅಳು’ ಹೆಣ್ಣನ್ನು ಹೇಳುತ್ತದೆ. ‘ಬರಲಿಲ್ಲ’ ಎನ್ನುವಾಗ ಎರಡೂ ಇಲ್ಲ. ಅಲ್ಲಿರುವುದು ‘ಬರಲು ಹೇಳು’ ಎನ್ನುವಾಗಿನ ‘ಬರಲ್’, ಅದರ ಮೇಲೊಂದು ‘ಇಲ್ಲ’. ‘ಬರಲು’ ಎಂಬುದರಲ್ಲಿ ಕಳೆದ ಕಾಲದ ಸುಳಿವೇ ಇಲ್ಲ. ಆದರೂ ‘ಬರಲಿಲ್ಲ’ ಎಂದ ಕೂಡಲೇ ಕನ್ನಡದ ಮಗುವೂ ನಿನ್ನೆಯ ಮಾತೆಂದು ತಿಳಿಯುತ್ತದೆ. ‘ಬರುವುದು’ ರೂಪಕ್ಕೆ ‘ಇಲ್ಲ’ ಸೇರಿದರೆ ನಾಳೆ, ‘ಬರಲ್’ ರೂಪಕ್ಕೆ ಸೇರಿದರೆ ನಿನ್ನೆ. ಬಾಗಿಲಲ್ಲಿ ಕಾಯುತ್ತಿರುವ ತಾಯಿ ‘ಮಗ ಇನ್ನೂ ಬಂದಿಲ್ಲ’ ಎನ್ನುತ್ತಾಳೆ. ಮರುದಿನ ಪಕ್ಕದ ಮನೆಯಲ್ಲಿ ‘ರಾತ್ರಿ ಬರಲೇ ಇಲ್ಲ’ ಎನ್ನುತ್ತಾಳೆ. ಒಂದರಲ್ಲಿ ಬರುವ ನಿರೀಕ್ಷೆ ಉಳಿದಿದೆ, ಇನ್ನೊಂದರಲ್ಲಿ ಅದು ಮುಗಿದಿದೆ. ಇಷ್ಟು ಸೂಕ್ಷ್ಮವನ್ನು ನಾವು ದಿನವೂ ಯೋಚಿಸದೆ ಆಡುತ್ತೇವೆ.

ಸೀಫೆಲ್‌ನಲ್ಲಿ ಅಧ್ಯಾಪಕರಾಗಿದ್ದ ಆರ್. ಅಮೃತವಲ್ಲಿಯವರು ಈ ವಿಷಯವನ್ನು ಹಿಡಿದು ಕೂತರು. ಮಲಯಾಳದ ಮೇಲೆ ಕೆಲಸ ಮಾಡಿದ ಕೆ.ಎ. ಜಯಸೀಲನ್ ಅವರ ಜೊತೆಗಾರರು. ಅವರ ಪ್ರಶ್ನೆ ಸರಳ: ಒಂದು ವಾಕ್ಯ ಮುಗಿಯಿತು ಎಂದು ನಮಗೆ ಗೊತ್ತಾಗುವುದು ಯಾವುದರಿಂದ? ಯುರೋಪಿನ ಭಾಷೆಗಳನ್ನು ನೋಡಿ ಕಟ್ಟಿದ ವ್ಯಾಕರಣ ಸಿದ್ಧಾಂತದಲ್ಲಿ ಉತ್ತರ ಸಿದ್ಧವಿತ್ತು: ಕಾಲದಿಂದ, ಮತ್ತು ಕರ್ತೃವಿನೊಂದಿಗಿನ ಹೊಂದಾಣಿಕೆಯಿಂದ. ಆದರೆ ‘ಅವಳು ಬರಲಿಲ್ಲ’ ಎಂಬ ವಾಕ್ಯದ ಕ್ರಿಯಾರೂಪದಲ್ಲಿ ಎರಡೂ ಇಲ್ಲ. ಆದರೂ ವಾಕ್ಯ ಪೂರ್ತಿಯಾಗಿದೆ. ‘ಇಲ್ಲ’ ತೆಗೆದು ‘ಅವಳು ಬರಲು’ ಎಂದರೆ ಕೇಳುವವರು ಮುಂದೇನು ಎಂದು ಬಾಯಿ ನೋಡುತ್ತಾರೆ.

ಹಾಗಾದರೆ ಮುಗಿಸುತ್ತಿರುವುದು ‘ಇಲ್ಲ’ವೇ. ಅದೊಂದೇ ಅಲ್ಲ. ಬರಬೇಕು, ಬರಬಹುದು, ಬರಬಾರದು ಎನ್ನುವಾಗಲೂ ಲಿಂಗ ವಚನದ ಗುರುತಿಲ್ಲ, ವಾಕ್ಯ ಮಾತ್ರ ಪೂರ್ಣ. ಕನ್ನಡ ವಾಕ್ಯದ ಕೊನೆಯಲ್ಲಿ ಒಂದೇ ಕುರ್ಚಿ ಇದ್ದಂತೆ. ಅದರಲ್ಲಿ ‘ಅನು, ಅಳು, ಅರು’ ಕೂರಬಹುದು, ಇಲ್ಲವೇ ‘ಇಲ್ಲ’ ಕೂರಬಹುದು, ಇಲ್ಲವೇ ‘ಬೇಕು, ಬಹುದು’ ಕೂರಬಹುದು. ಇಬ್ಬರಿಗೆ ಜಾಗವಿಲ್ಲ. ‘ಬಂದನಿಲ್ಲ’ ಎಂದು ಯಾರೂ ಹೇಳುವುದಿಲ್ಲ, ‘ಬರಬೇಕಳು’ ಎಂದೂ ಹೇಳುವುದಿಲ್ಲ. ಕುರ್ಚಿಯಲ್ಲಿ ಯಾರು ಕೂತರೂ ಮಾಡುವ ಕೆಲಸ ಒಂದೇ: ನಡೆಯಿತು, ನಡೆಯಲಿಲ್ಲ, ನಡೆಯಲೇಬೇಕು, ನಡೆಯಬಹುದು ಎಂದು ಮಾತಾಡುವವರ ನಿಲುವನ್ನು ಹೇಳುವುದು. ಆದ್ದರಿಂದ ದ್ರಾವಿಡ ಭಾಷೆಗಳಲ್ಲಿ ವಾಕ್ಯವನ್ನು ಮುಗಿಸುವುದು ಕಾಲವಲ್ಲ, ಈ ನಿಲುವು ಎಂಬುದು ಅವರ ವಾದದ ತಿರುಳು. ಅದು 2005ರಲ್ಲಿ ಆಕ್ಸ್‌ಫರ್ಡಿನ ತೌಲನಿಕ ವಾಕ್ಯರಚನೆಯ ಕೈಪಿಡಿಯಲ್ಲಿ ಪ್ರಕಟವಾಯಿತು. ಇಬ್ಬರ ಬರಹಗಳು ಒಟ್ಟಾಗಿ 2017ರಲ್ಲಿ ಪುಸ್ತಕವಾಗಿಯೂ ಬಂದಿವೆ.

ಇದಕ್ಕೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ ಎಂಬುದು ನನ್ನನ್ನು ಬೆರಗುಗೊಳಿಸುತ್ತದೆ. ವಾಕ್ಯರಚನೆಯ ಸಂಶೋಧನೆಗೆ ಬೇಕಾದದ್ದು ಹಾಳೆ, ಪೆನ್ನು, ಆ ಭಾಷೆಯನ್ನು ತಾಯಿನುಡಿಯಾಗಿ ಆಡುವವರು. ಒಂದು ವಾಕ್ಯ ಬರೆಯುವುದು, ಒಂದು ಪದ ಬದಲಿಸುವುದು, ‘ಹೀಗೆ ಹೇಳ್ತೀರಾ?’ ಎಂದು ಕೇಳುವುದು. ‘ಇಲ್ಲ, ಹಾಗೆ ಹೇಳಲ್ಲ’ ಎಂದರೆ ಆ ವಾಕ್ಯದ ತಲೆಗೊಂದು ನಕ್ಷತ್ರದ ಗುರುತು ಹಾಕುವುದು. ಹೇಳಬಹುದಾದ ವಾಕ್ಯಗಳಷ್ಟೇ ಬೆಲೆ ಹೇಳಲಾಗದ ವಾಕ್ಯಗಳಿಗೂ ಇದೆ. ಎಲ್ಲೆ ಎಲ್ಲಿದೆ ಎಂದು ತೋರಿಸುವುದು ಅವೇ. ಉಚ್ಚಾರಣೆಯ ಸಂಶೋಧನೆಗೆ ಮಾತ್ರ ಧ್ವನಿಮುದ್ರಣ, ಪ್ರಯೋಗಾಲಯ ಬೇಕು. ಆ ದಾರಿಯಲ್ಲಿ ಆರ್.ಕೆ. ಬನ್ಸಲ್ ಅವರು ಭಾರತೀಯರ ಇಂಗ್ಲಿಷ್ ಕೇಳುವವರಿಗೆ ಎಷ್ಟರಮಟ್ಟಿಗೆ ಅರ್ಥವಾಗುತ್ತದೆ ಎಂದು ಮಾಡಿದ ಅಧ್ಯಯನವನ್ನು ಇದೇ ಸಂಸ್ಥೆ 1969ರಲ್ಲಿ ಪ್ರಕಟಿಸಿತು.

ತರಗತಿಗೆ ಇದರಿಂದೇನು?

ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರಿಗೆಲ್ಲ ‘ಹಿ ಡಿಡ್ ನಾಟ್ ಕೇಮ್’ ಎಂಬ ವಾಕ್ಯದ ಪರಿಚಯವಿದೆ. ಕೆಂಪು ಶಾಯಿಯಲ್ಲಿ ಹೊಡೆದು ‘ಕಮ್’ ಎಂದು ತಿದ್ದುತ್ತೇವೆ. ಮುಂದಿನ ಪುಟದಲ್ಲಿ ಮತ್ತೆ ಅದೇ ತಪ್ಪು. ಇಂಗ್ಲಿಷಿನಲ್ಲಿ ಕಾಲದ ಹೊರೆಯನ್ನು ‘ಡಿಡ್’ ಹೊರುತ್ತದೆ, ಹಾಗಾಗಿ ಮೂಲ ಕ್ರಿಯಾಪದ ಬರಿದಾಗಿ ನಿಲ್ಲುತ್ತದೆ. ಈ ಮಾತು ಮಗುವಿಗೆ ಹೊಸದೇನಲ್ಲ. ಅದರ ಬಾಯಲ್ಲೇ ‘ಬಂದ’ ಎಂಬುದು ‘ಬರಲಿಲ್ಲ’ ಆಗುವಾಗ ‘ದ’ ಉದುರಿಹೋಗುತ್ತದೆ. ಕಪ್ಪುಹಲಗೆಯ ಮೇಲೆ ‘ಬಂದ–ಬರಲಿಲ್ಲ’, ‘ತಿಂದ–ತಿನ್ನಲಿಲ್ಲ’, ‘ಕೊಟ್ಟ–ಕೊಡಲಿಲ್ಲ’ ಎಂದು ಜೋಡಿಯಾಗಿ ಬರೆಸಿ, ನಿಮ್ಮ ಮಾತಿನಲ್ಲೂ ಕ್ರಿಯಾಪದ ಹೀಗೇ ಬರಿದಾಗುತ್ತದೆ ನೋಡಿ ಎಂದರೆ, ಇಂಗ್ಲಿಷಿನ ನಿಯಮ ಬೆದರಿಸುವ ಅಪರಿಚಿತನಾಗಿ ಉಳಿಯುವುದಿಲ್ಲ. ಮಗುವಿನ ಮನೆಮಾತು ಇಂಗ್ಲಿಷಿಗೆ ಅಡ್ಡಿ ಎಂದು ನಂಬಿ ತರಗತಿಯಲ್ಲಿ ಕನ್ನಡವನ್ನೇ ನಿಷೇಧಿಸುವ ಶಾಲೆಗಳು ಕೈಗೆ ಬಂದ ಸಾಧನವನ್ನೇ ಎಸೆಯುತ್ತಿವೆ.

ಬೋಧನೆಯ ಸಂಶೋಧನೆಯಲ್ಲಿ ನಮ್ಮ ನೆಲ ಹಿಂದುಳಿದದ್ದೂ ಅಲ್ಲ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೊಂದಿಗೆ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠ ಬದಿಗಿಟ್ಟು, ರೈಲಿನ ವೇಳಾಪಟ್ಟಿ ಓದಿ ಲೆಕ್ಕ ಹಾಕುವುದು, ನಕ್ಷೆ ನೋಡಿ ದಾರಿ ಹೇಳುವುದು ಮುಂತಾದ ಕೆಲಸಗಳ ಮೂಲಕವೇ ಭಾಷೆ ಕಲಿಸಿದರು. ‘ಬೆಂಗಳೂರು ಪ್ರಾಜೆಕ್ಟ್’ ಎಂದರೆ ಭಾಷಾಬೋಧನೆಯ ಜಗತ್ತಿಗೆಲ್ಲ ಗೊತ್ತು. 1969ರಲ್ಲಿ ಮೈಸೂರಿನಲ್ಲಿ ಆರಂಭವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಬೇರೆ ರಾಜ್ಯದ ಶಿಕ್ಷಕರಿಗೆ ತಿಂಗಳುಗಟ್ಟಲೆ ಕನ್ನಡ ಕಲಿಸಿ ಕಳಿಸಿದೆ. ಅಮೃತವಲ್ಲಿಯವರು ಕೂಡ ಇಂಗ್ಲಿಷಿನ ವಾತಾವರಣವೇ ಸಿಗದ ಮಕ್ಕಳ ಕಲಿಕೆಯ ಬಗ್ಗೆ 2007ರಲ್ಲಿ ಪುಸ್ತಕ ಬರೆದಿದ್ದಾರೆ. ಸಿದ್ಧಾಂತದ ಮೇಜು, ಬಡ ಶಾಲೆಯ ಬೆಂಚು ಎರಡನ್ನೂ ಬಲ್ಲವರ ಬರಹ ಅದು.

ಆದರೂ ನಮ್ಮ ಶಾಲೆಯ ಕನ್ನಡ ವ್ಯಾಕರಣ ತೆರೆದರೆ ನಿಷೇಧಾರ್ಥಕಕ್ಕೆ ಇಂದಿಗೂ ಉದಾಹರಣೆ ‘ಮಾಡನು, ಮಾಡಳು, ಮಾಡರು’. ಹಳೆಯ ಕಾವ್ಯ ಓದಲು ಅದು ಬೇಕು, ಒಪ್ಪೋಣ; ‘ಒಲ್ಲೆ’, ‘ಕಾಣೆ’, ‘ಅರಿಯೆ’ಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಆದರೆ ಮಗು ದಿನಕ್ಕೆ ನೂರು ಸಲ ಆಡುವ ‘ಮಾಡುವುದಿಲ್ಲ, ಮಾಡಲಿಲ್ಲ, ಮಾಡಿಲ್ಲ’ ಎಂಬ ಮೂರರ ವ್ಯತ್ಯಾಸವನ್ನು ಯಾವ ಪಾಠ ಬಿಡಿಸಿ ಹೇಳುತ್ತದೆ? ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ ಎಂದು ಡಿ.ಎನ್. ಶಂಕರ ಭಟ್ಟರು ಅದೇ ಹೆಸರಿನ ಪುಸ್ತಕವನ್ನೇ ಕನ್ನಡದಲ್ಲಿ ಬರೆದರು. ಅವರು ಸೂಚಿಸಿದ ಕಾಗುಣಿತದ ಬದಲಾವಣೆಯ ಬಗ್ಗೆ ಜಗಳವಾಡಿದಷ್ಟು ನಾವು ಅವರ ವ್ಯಾಕರಣವನ್ನು ಓದಲಿಲ್ಲ.

ಹೈದರಾಬಾದಿನ ಸಂಶೋಧನೆಯದ್ದು ಇನ್ನೊಂದು ಕಷ್ಟ. ಅದು ಇಂಗ್ಲಿಷಿನಲ್ಲಿದೆ, ಪರಿಣತರ ಪರಿಭಾಷೆಯಲ್ಲಿದೆ, ದುಬಾರಿ ಗ್ರಂಥಗಳಲ್ಲಿದೆ. ಕನ್ನಡದ ಬಗ್ಗೆ ಬರೆದದ್ದನ್ನು ಕನ್ನಡದ ಮೇಷ್ಟ್ರು ಓದಲಾಗದಿದ್ದರೆ ಅದು ಬರೆದವರೊಬ್ಬರ ಹೊಣೆಯಲ್ಲ. ಅಂಥ ಬರಹವನ್ನು ತಿಳಿಗನ್ನಡಕ್ಕೆ ತರಿಸುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳದ್ದು, ಅಕಾಡೆಮಿಗಳದ್ದು, ಪಠ್ಯಪುಸ್ತಕ ಬರೆಸುವವರದ್ದು. ಉರ್ದುವಿಗಾಗಿ ಉಸ್ಮಾನಿಯಾ ನೂರು ವರ್ಷದ ಹಿಂದೆಯೇ ಅನುವಾದದ ಇಲಾಖೆ ಇಟ್ಟಿತ್ತು ಎಂಬುದನ್ನು ನೆನೆದಾಗ ಈ ಕೊರತೆ ಇನ್ನಷ್ಟು ನೋಯಿಸುತ್ತದೆ.

ಗೋಕಾಕರು ಎರಡು ಭಾಷೆಗಳ ಸಂಸ್ಥೆಗಳ ನಡುವೆ ಸಲೀಸಾಗಿ ಓಡಾಡಿದವರು. ಅವರ ನಂತರ ಆ ಓಡಾಟ ಕಡಿಮೆಯಾಗಿದೆ. ಇಂಗ್ಲಿಷ್ ವಿಭಾಗದವರ ಗೋಷ್ಠಿ ಬೇರೆ, ಕನ್ನಡ ವಿಭಾಗದವರ ಗೋಷ್ಠಿ ಬೇರೆ, ಶಾಲಾ ಶಿಕ್ಷಕರ ತರಬೇತಿ ಇನ್ನೂ ಬೇರೆ. ಗಡಿಯ ಹಳ್ಳಿಗಳಲ್ಲಿ ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡಿ ಬೆಳೆಯುವ ಮಕ್ಕಳಿಗೆ, ನಿನ್ನ ಮಾತಿನಲ್ಲಿ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಇದೆ ಎಂದು ಹೇಳುವವರು ಬೇಕು. ಹಾಗೆ ಹೇಳಲು ಬೇಕಾದ ತಿಳಿವು ತಾರ್ನಾಕದಲ್ಲಿ ಸಿದ್ಧವಾಗಿ ವರ್ಷಗಳೇ ಕಳೆದವು. ಸೇಡಂನ ಆರನೇ ತರಗತಿಗೆ ಅದು ಇನ್ನೂ ಬಂದಿಲ್ಲ.